ಮಕ್ಕಳು, ಅತ್ತೆ ಸಮೇತ ದೋಡಿತಾಲ್‌ಗೆ: ಒಂದು ದಿನ ಖಾಲಿ ಇಟ್ಟುಕೊಂಡು ಹೋಗಿ

ಹೊಳೆದಂಡೆ

ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಉತ್ತರಾಖಂಡದ ದೋಡಿತಾಲ್ ಕೆರೆಗೆ ನಡೆದುಕೊಂಡು ಹೋಗಿಬಂದೆವು. ನಾನು, ನಮ್ಮ ಯಜಮಾನರು, ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ಜೊತೆಗೆ ನಮ್ಮತ್ತೆ. ಮಕ್ಕಳನ್ನು ಹಿಮಾಲಯಕ್ಕೆ ಕರೆದುಕೊಂಡು ಹೋಗಬಹುದಾ, ಯಾವ ಜಾಗ ಒಳ್ಳೆಯದು ಅಂತ ಇಲ್ಲಿ ಆಗಾಗ ಕೇಳುತ್ತಿರುತ್ತಾರೆ. ಅವರಿಗೆ ಉಪಯೋಗ ಆಗಲಿ ಅಂತ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಮನೆಯವರ ಜೊತೆ ಹೋಗುವಾಗ ಕೆರೆಯ ಹತ್ತಿರ ಒಂದು ದಿನ ಖಾಲಿ ಇಡಿ. ಎಲ್ಲಿಗೂ ಹತ್ತಬೇಕಾಗಿಲ್ಲ, ಎಲ್ಲಿಗೂ ತಲುಪಬೇಕಾಗಿಲ್ಲ, ಅಂಥ ದಿನ. ಟ್ರೆಕ್ ನಡೆಸುವವರು ಕೊಡುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ನಾವು ಕೇಳಿ ಸೇರಿಸಿಕೊಂಡೆವು. ಆ ಒಂದು ದಿನ ಇದೆ ಅನ್ನುವ ಧೈರ್ಯಕ್ಕೇ ಉಳಿದ ದಿನಗಳಲ್ಲಿ ಯಾರೂ ಯಾರನ್ನೂ ಅವಸರ ಮಾಡಲಿಲ್ಲ.

ದೋಡಿತಾಲ್ ಯಾಕೆ ಅಂದರೆ, ಮೊದಲನೆಯದು ಎತ್ತರ. ಇದು 3,000 ಮೀಟರ್‌ಗಿಂತ ಸ್ವಲ್ಪ ಮೇಲಿದೆ ಅಷ್ಟೇ. ಮನಾಲಿ ಕಡೆಯ ಭೃಗು ಕೆರೆ 4,200 ಮೀಟರ್ ದಾಟುತ್ತದೆ. ಎರಡು ಮೂರು ದಿನದಲ್ಲಿ ಅಷ್ಟೆತ್ತರಕ್ಕೆ ಮಕ್ಕಳನ್ನು ಹತ್ತಿಸುವುದು ನಮಗೆ ಬೇಡವಾಗಿತ್ತು. ಎರಡನೆಯದು ಅತ್ತೆ. ಗಣಪತಿ ಹುಟ್ಟಿದ್ದು ಈ ಕೆರೆಯ ದಂಡೆಯಲ್ಲೇ ಅಂತ ಅಲ್ಲಿಯ ಜನ ನಂಬುತ್ತಾರೆ. ದಂಡೆಯಲ್ಲಿ ಚಿಕ್ಕ ಗುಡಿಯೂ ಇದೆ. ಪ್ರತಿ ವರ್ಷ ಗೌರಿ ಬಾಗಿನ ಕೊಟ್ಟು, ಮರುದಿನ ಗಣಪತಿ ಕೂರಿಸುವವರಿಗೆ ಇದನ್ನು ಹೇಳಿದರೆ ಬಿಡುತ್ತಾರಾ? ಅತ್ತೆ ಜೂನ್‌ನಿಂದಲೇ ದಿನಾ ಬೆಳಿಗ್ಗೆ ವಾಕಿಂಗ್ ಶುರು ಮಾಡಿದರು. ಆಮೇಲೆ ಮನೆಯ ಮೂರು ಮಹಡಿ ಮೆಟ್ಟಿಲು ಹತ್ತಿ ಇಳಿಯುವುದು. ಹೊರಡುವ ಮೊದಲು ಬಿಪಿ, ಇಸಿಜಿ ಎಲ್ಲ ಡಾಕ್ಟರ್ ಹತ್ತಿರ ನೋಡಿಸಿದೆವು.

ದಾರಿ ಹೀಗಿದೆ. ಡೆಹ್ರಾಡೂನ್‌ವರೆಗೆ ವಿಮಾನ, ರಿಷಿಕೇಶದಲ್ಲಿ ರಾತ್ರಿ, ಮರುದಿನ ಚಂಬಾ ಮೇಲೆ ಉತ್ತರಕಾಶಿ. ಇಡೀ ದಿನದ ತಿರುವು ರಸ್ತೆ, ಮಕ್ಕಳಿಗೆ ವಾಂತಿ ಮಾತ್ರೆ ಕೈಗೆ ಸಿಗುವ ಹಾಗೆ ಇರಲಿ. ಉತ್ತರಕಾಶಿ 1,150 ಮೀಟರ್ ಆಸುಪಾಸು, ನಮ್ಮ ಬೆಂಗಳೂರಿಗಿಂತ ತುಂಬಾ ಎತ್ತರವೇನಲ್ಲ. ಅಲ್ಲಿಂದ ಗಂಗೋರಿ ದಾಟಿ ಅಸ್ಸಿ ಗಂಗಾ ಕಣಿವೆಯೊಳಗೆ ಜೀಪಿನಲ್ಲಿ ಸಂಗಮಚಟ್ಟಿ. ಅಲ್ಲಿಂದ ಕಾಲುದಾರಿ. ಮೊದಲ ರಾತ್ರಿ ಅಗೋಡ ಹಳ್ಳಿ, 2,200 ಮೀಟರ್ ಆಸುಪಾಸು. ಆಮೇಲೆ ಬೆಬ್ರಾ. ಬೆಬ್ರಾ ದಾಟಿದ ಮೇಲೆ ಒಂದು ಕಡಿದಾದ ಏರು ಇದೆ, ಉಸಿರು ಹಿಡಿಯುವುದು ಅಲ್ಲೇ. ಅದು ಮುಗಿದರೆ ಮುಂದಿನ ದಾರಿ ಕಾಡಿನೊಳಗೆ ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಬಾಂಜ್ ಅಂದರೆ ಓಕ್ ಮರಗಳು, ಬುರಾಂಶ್ ಅಂದರೆ ರೋಡೋಡೆಂಡ್ರಾನ್ ಮರಗಳು. ಬುರಾಂಶ್ ಹೂವು ಬಿಡುವುದು ಮಾರ್ಚ್, ಏಪ್ರಿಲ್‌ನಲ್ಲಿ, ಅಕ್ಟೋಬರ್‌ನಲ್ಲಿ ಬರೀ ಎಲೆ. ಹೆಚ್ಚಿನವರು ಬೆಬ್ರಾದಿಂದ ಕೆರೆಗೆ ಒಂದೇ ದಿನದಲ್ಲಿ ಹೋಗುತ್ತಾರೆ. ನಾವು ಮಧ್ಯೆ ಮಾಂಝಿಯಲ್ಲಿ ಟೆಂಟ್ ಹಾಕಿದೆವು. ಬೇಸಿಗೆಯಲ್ಲಿ ಎಮ್ಮೆ ಮೇಯಿಸಲು ಬರುವ ಗುಜ್ಜರರ ಗುಡಿಸಲುಗಳು ಅಲ್ಲಿವೆ. ನಾವು ಹೋದಾಗ ಖಾಲಿ ಇದ್ದವು.

ನಡಿಗೆಯ ವೇಗ ಅತ್ತೆಯದು. ಅವರೇ ಮುಂದೆ, ನಾವು ಹಿಂದೆ. ಇದನ್ನು ಹೇಳಿಕೊಟ್ಟಿದ್ದು ಅಗೋಡದ ನಮ್ಮ ಗೈಡ್. ನಿಧಾನ ನಡೆಯುವವರನ್ನು ಹಿಂದೆ ಬಿಟ್ಟರೆ ಅವರು ಬಂದು ಸೇರುವ ಹೊತ್ತಿಗೆ ಮುಂದಿನವರ ವಿಶ್ರಾಂತಿ ಮುಗಿದಿರುತ್ತದೆ, ಎಲ್ಲರೂ ಎದ್ದು ಹೊರಡುತ್ತಾರೆ. ಅಂದರೆ ಜಾಸ್ತಿ ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ. ಮುಂದೆ ಬಿಟ್ಟರೆ ಆ ತೊಂದರೆ ಇಲ್ಲ. ಮಗನಿಗೆ ಮೊದಮೊದಲು ಓಡಬೇಕು ಅನ್ನಿಸುತ್ತಿತ್ತು. ಅಜ್ಜಿಯ ಕೋಲು ಎಲ್ಲಿ ಊರಿದೆಯೋ ಅಲ್ಲೇ ತನ್ನ ಕೋಲು ಊರಬೇಕು ಅಂತ ಅವನೇ ಒಂದು ಆಟ ಮಾಡಿಕೊಂಡ. ಆಮೇಲೆ ಓಡಲಿಲ್ಲ.

ಕೆರೆ ತಲುಪಿದ ಸಂಜೆ ಮಗಳಿಗೆ ತಲೆನೋವು. ಚಿಕ್ಕಿ ಕೊಟ್ಟರೆ ಬೇಡ ಅಂದಳು. ಅವಳು ಚಿಕ್ಕಿ ಬೇಡ ಅನ್ನುವುದು ಅಂದರೆ ನಮ್ಮ ಮನೆಯಲ್ಲಿ ಅದು ಗಮನಿಸಬೇಕಾದ ವಿಷಯ. ನೀರು ಕುಡಿಸಿ, ಬೆಚ್ಚಗೆ ಕೂರಿಸಿ, ಗಂಟೆಗೊಮ್ಮೆ ಮಾತಾಡಿಸುತ್ತಿದ್ದೆವು. ಕೆಮ್ಮು, ತೂರಾಟ, ವಾಂತಿ ಏನಾದರೂ ಕಂಡರೆ ಆ ರಾತ್ರಿಯೇ ಮಾಂಝಿಗೆ ಇಳಿಯುವುದು ಅಂತ ಗೈಡ್ ಜೊತೆ ಮೊದಲೇ ಮಾತಾಡಿಕೊಂಡಿದ್ದೆವು, ಟಾರ್ಚ್, ಬೂಟು ಟೆಂಟಿನ ಬಾಗಿಲಲ್ಲೇ ಇದ್ದವು. ಬೆಳಿಗ್ಗೆ ಹೊತ್ತಿಗೆ ತಲೆನೋವು ಹೋಗಿ, ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡಳು. ಆ ದಿನ ನಮಗೆ ಎಲ್ಲಿಗೂ ಹೋಗುವುದಿರಲಿಲ್ಲ. ಹೋಗುವುದಿದ್ದಿದ್ದರೆ? "ಪರವಾಗಿಲ್ವಾ, ನಡೀತೀಯಾ?" ಅಂತ ಕೇಳುತ್ತಿದ್ದೆವು, ಅವಳು "ಹ್ಞೂಂ" ಅನ್ನುತ್ತಿದ್ದಳು. ಮಕ್ಕಳು ಅಪ್ಪ ಅಮ್ಮನ ಮುಖ ನೋಡಿ ಉತ್ತರ ಕೊಡುತ್ತಾರೆ. ಖಾಲಿ ದಿನ ಇದ್ದರೆ ಆ ಪ್ರಶ್ನೆಯನ್ನೇ ಕೇಳಬೇಕಾಗಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿರುವುದನ್ನು ಹೇಳುತ್ತೇನೆ.

ಬೆಟ್ಟದ ದಾರಿ

ಚೆನ್ನಾಗಿ ಬರೆದಿದ್ದೀರಿ ಅಕ್ಕ. ಆದರೆ ಅಷ್ಟು ದೂರ ಹೋಗಿ ಕೆರೆಯ ಮೇಲಿನ ಬೆಟ್ಟದ ನೆತ್ತಿ, ದರ್ವಾ ಟಾಪ್, ಬಿಟ್ಟು ಬಂದಿರಾ? ಕೆರೆಯಿಂದ ಒಂದೇ ದಿನದಲ್ಲಿ ಹತ್ತಿ ಇಳಿಯಬಹುದು. ಮೇಲಿಂದ ಬಂದರ್‌ಪೂಂಛ್ ಶಿಖರ ಎದುರಿಗೇ ಕಾಣುತ್ತದೆ, 6,316 ಮೀಟರ್. ಕೆರೆಯ ಹತ್ತಿರ ಹಿಮಶಿಖರ ಅಷ್ಟು ಕಾಣುವುದಿಲ್ಲ, ಸುತ್ತ ಕಾಡೇ. ನನ್ನ ಮಟ್ಟಿಗೆ ದರ್ವಾ ಇಲ್ಲದಿದ್ದರೆ ಆ ಟ್ರೆಕ್ ಅರ್ಧವೇ. ನಿಮ್ಮ ಖಾಲಿ ದಿನದಲ್ಲಿ ನೀವು, ಯಜಮಾನರು ಸರದಿ ಮೇಲೆ ಹೋಗಬಹುದಿತ್ತು, ಅಲ್ವಾ?

ಹೊಳೆದಂಡೆ

ಹೋಗಬಹುದಿತ್ತು. ಬೇಡ ಅಂತ ಮನೆಯಲ್ಲೇ ತೀರ್ಮಾನ ಮಾಡಿದ್ದೆವು. ದರ್ವಾ 4,000 ಮೀಟರ್ ದಾಟುತ್ತದೆ. ಹಿಂದಿನ ದಿನವಷ್ಟೇ 3,000ಕ್ಕೆ ಬಂದ ಮಕ್ಕಳಿಗೆ ಅದು ಜಾಸ್ತಿ. ನಮ್ಮಲ್ಲಿ ಒಬ್ಬರು ಹೋದರೆ? ಆ ಹೊತ್ತಿನಲ್ಲಿ ಮಗಳಿಗೆ ಮತ್ತೆ ತಲೆನೋವು ಬಂದರೆ ಗೈಡ್ ಮೇಲಿರುತ್ತಾನೆ, ಒಬ್ಬರು ದೊಡ್ಡವರು ಮೇಲಿರುತ್ತಾರೆ, ಕೆಳಗೆ ಇಳಿಸಲು ಒಬ್ಬರೇ ಉಳಿಯುತ್ತಾರೆ.

ಇನ್ನು ಆ ದಿನ ಏನು ಮಾಡಿದೆವು ಅಂತ ಕೇಳಿ. ಕೆರೆಯ ಸುತ್ತ ಒಂದು ಸುತ್ತು ಹಾಕಲು ದೊಡ್ಡವರಿಗೆ ಅರ್ಧ ಗಂಟೆ ಸಾಕು. ಮಗನಿಗೆ ಬೆಳಿಗ್ಗೆ ಪೂರ್ತಿ ಬೇಕಾಯಿತು. ನೀರು ತಿಳಿಯಾಗಿತ್ತು, ದಂಡೆಯಲ್ಲಿ ನಿಂತರೆ ಟ್ರೌಟ್ ಮೀನುಗಳು ಕಾಣುತ್ತಿದ್ದವು, ಮೈಮೇಲೆ ಚುಕ್ಕೆ ಚುಕ್ಕೆ. ಬ್ರೌನ್ ಟ್ರೌಟ್ ಈ ನೆಲದ ಮೀನಲ್ಲ, ಯೂರೋಪಿನ ಕಡೆಯಿಂದ ತಂದು ಬಿಟ್ಟಿದ್ದು. ಅವನು ಹೊಟ್ಟೆ ಮೇಲೆ ಮಲಗಿ ನೋಡುತ್ತಿದ್ದ. ಮೀನುಗಳು ಎಲ್ಲ ಒಂದೇ ಕಡೆ ಮುಖ ಮಾಡಿ ನಿಂತಿವೆ ಅಂತ ಮೊದಲು ಗಮನಿಸಿದ್ದು ಅವನೇ. ತೊರೆ ಬಂದು ಸೇರುವ ಜಾಗ ಅದು, ಹರಿದು ಬರುವ ನೀರಿಗೆ ಎದುರಾಗಿ ನಿಂತರೆ ಆಹಾರ ತಾನಾಗಿ ಬಾಯಿಗೆ ಬರುತ್ತದೆ ಅಂತ ಗೈಡ್ ತೋರಿಸಿಕೊಟ್ಟ. ಅತ್ತೆ ಗುಡಿಯ ಮುಂದೆ ಕೂತು ಊರಿಂದ ತಂದ ಗರಿಕೆ ಏರಿಸಿ, ತಮಗೆ ಬರುವ ಗಣಪತಿ ಹಾಡುಗಳನ್ನೆಲ್ಲ ಹೇಳಿದರು. ಪೂಜೆಗೆ ಬಂದಿದ್ದ ಬೇರೆ ಮನೆಯವರೊಬ್ಬರು ಭಾಷೆ ಬರದಿದ್ದರೂ ಪಕ್ಕ ಕೂತು ಕೇಳಿದರು.

ಬಂದರ್‌ಪೂಂಛ್ ಇನ್ನೊಂದು ಸಲ ನೋಡಬಹುದು. ಅದು ಅಲ್ಲೇ ಇರುತ್ತದೆ. ಅತ್ತೆಗೆ ಈಗ 66.

ಡಾಕ್ಟರ್ ಶಿವಮೊಗ್ಗ

ಮಕ್ಕಳ ವೈದ್ಯೆಯಾಗಿ ನಾಲ್ಕು ಮಾತು ಸೇರಿಸುತ್ತೇನೆ. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ಗಟ್ಟಿಮುಟ್ಟಾಗಿದ್ದೇವೆ, ದಿನಾ ಓಡುತ್ತೇವೆ ಅನ್ನುವುದು ಇದರಿಂದ ಕಾಪಾಡುವುದಿಲ್ಲ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ 70ರಷ್ಟು ಮಾತ್ರ. ದೇಹ ಅದಕ್ಕೆ ಒಗ್ಗಿಕೊಳ್ಳಲು ಸಮಯ ಬೇಕೇ ಬೇಕು. ಅಲ್ಲಿಂದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಅಲ್ಲೇ ತಂಗಬೇಕು. ಇವರು ಮಾಂಝಿಯಲ್ಲಿ ನಿಂತದ್ದು ಆ ದೃಷ್ಟಿಯಿಂದಲೂ ಒಳ್ಳೆಯದೇ.

ಚಿಕ್ಕ ಮಕ್ಕಳು "ತಲೆ ನೋಯುತ್ತಿದೆ" ಅಂತ ಹೇಳುವುದಿಲ್ಲ. ಸುಮ್ನೆ ರಚ್ಚೆ ಹಿಡಿಯುತ್ತಾರೆ, ಊಟ ಬೇಡ ಅನ್ನುತ್ತಾರೆ, ಆಟ ಬಿಟ್ಟು ಮೂಲೆ ಸೇರುತ್ತಾರೆ, ನಿದ್ದೆ ಮಾಡುವುದಿಲ್ಲ. ಎತ್ತರದಲ್ಲಿ ಹೀಗಾದರೆ, ಬೇರೆ ಕಾರಣ ಗೊತ್ತಾಗುವವರೆಗೂ ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ತಲೆನೋವಿಗೆ ಮಾತ್ರೆ ಕೊಡಬಹುದು. ಮಾತ್ರೆ ಕೊಟ್ಟು ಮೇಲಕ್ಕೆ ಹತ್ತಿಸಬಾರದು. ನೆಲದ ಮೇಲೆ ಗೆರೆ ಎಳೆದು ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿ. ದೊಡ್ಡವರೂ ಮಾಡಿ. ತೂರಾಡಿದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಇಳಿಯಿರಿ. ಇಳಿಯುವುದಕ್ಕಿಂತ ದೊಡ್ಡ ಔಷಧಿ ಇಲ್ಲ.

ಎತ್ತರದ ಕಾಯಿಲೆ ತಡೆಯಲು ತೆಗೆದುಕೊಳ್ಳುವ ಡೈಮಾಕ್ಸ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಕ್ಕಳಿಗೆ ತೂಕ ನೋಡಿ ಡೋಸ್, ಸಲ್ಫಾ ಅಲರ್ಜಿ ಇದ್ದವರಿಗೆ ಎಚ್ಚರ. ಪಕ್ಕದ ಟೆಂಟಿನವರು ಕೊಟ್ಟರು ಅಂತ ನುಂಗಬೇಡಿ, ನಿಮ್ಮ ವೈದ್ಯರನ್ನು ಕೇಳಿ.

ಇಬ್ಬರ ಅಪ್ಪ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. 2024ರ ಜೂನ್‌ನಲ್ಲಿ ಇದೇ ಉತ್ತರಕಾಶಿ ಕಡೆ ಸಹಸ್ತ್ರತಾಲ್‌ಗೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. 9 ಜನ ತೀರಿಕೊಂಡರು. ತಂಡದಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರು. ಅನುಭವ ಇದ್ದವರೂ ಇದ್ದರು. ಆ ಸುದ್ದಿ ನೋಡಿದ ಮೇಲೆ ನನ್ನ ಹೆಂಡತಿ ಹಿಮಾಲಯದ ಮಾತೇ ಎತ್ತಬೇಡಿ ಅಂದಿದ್ದಾಳೆ. ಎಂಟು ವರ್ಷದ ಮಗುವನ್ನು, ವಯಸ್ಸಾದವರನ್ನು ಅಂಥ ಕಡೆ ಕರೆದುಕೊಂಡು ಹೋಗುವುದು ಸರಿಯಾ? ಕುದುರೆಮುಖ, ಕುಮಾರಪರ್ವತ ಸಾಲದಾ?

ಹೊಳೆದಂಡೆ

ಸರ್, ಬೇಜಾರಿಲ್ಲ. ಆ ಸುದ್ದಿ ಬಂದ ವಾರ ನಮ್ಮ ಮನೆಯಲ್ಲೂ ಇದೇ ಮಾತು. ತೀರಿಕೊಂಡವರ ಬಗ್ಗೆ, ಅವರು ಏನು ಮಾಡಬೇಕಿತ್ತು ಅನ್ನುವ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಜಾಗದ ವ್ಯತ್ಯಾಸ ಮಾತ್ರ ಹೇಳುತ್ತೇನೆ. ಸಹಸ್ತ್ರತಾಲ್ 4,400 ಮೀಟರ್ ಮೇಲೆ, ಮರ ಬೆಳೆಯುವ ಗೆರೆಗಿಂತ ಎಷ್ಟೋ ಎತ್ತರ. ಗಾಳಿ ಎದ್ದರೆ ಮರೆ ಅನ್ನುವುದೇ ಇಲ್ಲ. ದೋಡಿತಾಲ್ ಕಾಡಿನೊಳಗಿದೆ. ದಂಡೆಯಲ್ಲಿ ಅರಣ್ಯ ಇಲಾಖೆಯ ವಿಶ್ರಾಂತಿ ಗೃಹ ಇದೆ, ದಾರಿಯುದ್ದಕ್ಕೂ ಮರದ ಮರೆ ಇದೆ, ಬಂದ ದಾರಿಯಲ್ಲೇ ಹಿಂದಕ್ಕೆ ಬರಬಹುದು, ಯಾವ ಕಣಿವೆದಾರಿಯನ್ನೂ ದಾಟಬೇಕಾಗಿಲ್ಲ. ಮನೆಯವರ ಜೊತೆ ಹೋಗುವವರು ನೋಡಬೇಕಾದ್ದು ಇದನ್ನೇ: ಹವಾಮಾನ ಕೆಟ್ಟರೆ ಎರಡು ಗಂಟೆಯೊಳಗೆ ಎಲ್ಲಿ ಸೇರಿಕೊಳ್ಳಬಹುದು? ಆ ಪ್ರಶ್ನೆಗೆ ಉತ್ತರ ಇಲ್ಲದ ಜಾಗಕ್ಕೆ ನಾನು ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ.

ಚಳಿಗಿಂತ ಒದ್ದೆ ಕೆಟ್ಟದ್ದು. ಹತ್ತಿಯ ಬಟ್ಟೆ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಜೀನ್ಸ್, ಬನಿಯನ್, ಹತ್ತಿ ಟೀಶರ್ಟ್ ಬೇಡವೇ ಬೇಡ. ಒಳಗೆ ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ, ಮೇಲೆ ಫ್ಲೀಸ್, ಅದರ ಮೇಲೆ ನೀರು ಇಳಿಯದ ಜಾಕೆಟ್. ಮಲಗಲು ಒಂದು ಜೊತೆ ಬಟ್ಟೆ, ಸಾಕ್ಸ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ, ಏನೇ ಆದರೂ ಹಗಲು ಅದನ್ನು ತೆಗೆಯಬೇಡಿ. ನಮಗೆ ಮಾಂಝಿ ಹತ್ತಿರ ಮಧ್ಯಾಹ್ನ ಆಲಿಕಲ್ಲು ಬಿತ್ತು. ಮಕ್ಕಳಿಗೆ ಖುಷಿ. ಅರ್ಧ ಗಂಟೆಯಲ್ಲಿ ಚಳಿ ಹೇಗೆ ಏರಿತು ಅಂದರೆ ಬೆರಳಲ್ಲಿ ಜಿಪ್ ಎಳೆಯಲು ಆಗುತ್ತಿರಲಿಲ್ಲ. ಆ ಒಣ ಬಟ್ಟೆ ಆಗ ಕೆಲಸಕ್ಕೆ ಬಂತು.

ನಮ್ಮ ಬೆಟ್ಟಗಳ ಮಾತು ನಿಜ. ಮೊದಲು ಅಲ್ಲೇ ಅಭ್ಯಾಸ ಆಗಬೇಕು. ಕುದುರೆಮುಖಕ್ಕೆ ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಿ ಇಳಿದು, ಮರುದಿನ ಬೆಳಿಗ್ಗೆ ಮಕ್ಕಳು ಇನ್ನೊಮ್ಮೆ ಹೋಗೋಣ ಅಂದರೆ ಸಿದ್ಧ ಅಂತ ಅರ್ಥ. ಈಗ ನಮ್ಮಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು, ಅದನ್ನು ಮರೆಯಬೇಡಿ.

ಮಲೆನಾಡ ಕೂಸು

ಊಟಕ್ಕೆ ಏನು ಮಾಡಿಕೊಂಡಿರಿ? ನಮ್ಮ ಮನೆಯಲ್ಲಿ ಮೂರು ದಿನ ಬರೀ ರೋಟಿ, ಆಲೂ ಅಂದರೆ ಮಕ್ಕಳು ಮುಷ್ಕರ ಹೂಡುತ್ತಾರೆ. ಇನ್ನೊಂದು, ಹೆಣ್ಣುಮಕ್ಕಳಿಗೆ ಟಾಯ್ಲೆಟ್ ವಿಷಯ ಯಾರೂ ಬಿಡಿಸಿ ಬರೆಯುವುದಿಲ್ಲ. ದಯವಿಟ್ಟು ಬರೆಯಿರಿ.

ಹೊಳೆದಂಡೆ

ಊಟದ್ದು ಮೊದಲು. ಊರಿಂದ ಒಯ್ದದ್ದು: ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ತುಪ್ಪ, ಹುರಿದ ರವೆ, ಹುರಿಹಿಟ್ಟು, ಗೊಜ್ಜವಲಕ್ಕಿ ಪುಡಿ, ಕೋಡುಬಳೆ, ಖರ್ಜೂರ, ಕಡ್ಲೆಬೀಜದ ಚಿಕ್ಕಿ. ಉಳಿದಿದ್ದನ್ನು ಉತ್ತರಕಾಶಿಯ ಅಂಗಡಿಯಲ್ಲಿ ಕೊಂಡೆವು. 3,000 ಮೀಟರ್‌ನಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆ ಪಾತ್ರೆಯಲ್ಲಿ ಇಟ್ಟರೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಇರುತ್ತದೆ, ಗ್ಯಾಸ್ ಖಾಲಿ ಆಗುತ್ತದೆ. ಚಿಕ್ಕ ಕುಕ್ಕರ್ ಒಯ್ಯಿರಿ, ಅಥವಾ ಹೆಸರುಬೇಳೆಗೆ ಬದಲಾಯಿಸಿ. ನಾವು ಎರಡನ್ನೂ ಮಾಡಿದೆವು. ಹೆಸರುಬೇಳೆ ಖಿಚಡಿಗೆ ಒಂದು ಚಮಚ ತುಪ್ಪ, ಮೇಲೆ ಚಟ್ನಿಪುಡಿ. ಅದನ್ನು ಎಲ್ಲರೂ ತಟ್ಟೆ ಒರೆಸಿ ತಿಂದರು.

ಅಗೋಡದಲ್ಲಿ ನಾವು ಉಳಿದ ಮನೆಯ ಅಮ್ಮ ಮಂಡುವಾ ರೊಟ್ಟಿ ಮಾಡಿಕೊಟ್ಟರು. ನಮ್ಮ ರಾಗಿಯೇ. ಗಢವಾಲದ ಹಳ್ಳಿಗಳಲ್ಲಿ ಮೊದಲಿನಿಂದ ಬೆಳೆಯುತ್ತಾರೆ. ಅತ್ತೆ ಒಲೆ ಮುಂದೆ ಕೂತು, ಅವರಿಗೆ ಕೈಸನ್ನೆಯಲ್ಲೇ ಕೇಳಿ, ಅದೇ ಹಿಟ್ಟಿನಲ್ಲಿ ಮುದ್ದೆ ತೊಳಸಿ ತೋರಿಸಿದರು. ಆ ಮನೆಯ ಮಕ್ಕಳು ಮುದ್ದೆಯನ್ನು ಅಗಿದು ಅಗಿದು ತಿಂದರು. ನುಂಗಬೇಕು ಅಂತ ನನ್ನ ಮಗ ಹೇಳಿಕೊಟ್ಟ.

ಕುಡಿಯುವ ನೀರು: ತೊರೆಯ ನೀರು ಎಷ್ಟೇ ಚೊಕ್ಕಟ ಕಂಡರೂ ಮೇಲೆ ಎಮ್ಮೆ, ಹೇಸರಗತ್ತೆ ಓಡಾಡಿರುತ್ತವೆ. ಅಷ್ಟು ಎತ್ತರದಲ್ಲಿ ಕುದಿ ಬಂದ ಮೇಲೆ ಮೂರು ನಿಮಿಷ ಬಿಡಬೇಕು.

ಟಾಯ್ಲೆಟ್. ಅಗೋಡದಲ್ಲಿ ಮನೆಗಳಲ್ಲಿ ಇದೆ. ಆಮೇಲೆ ಟೆಂಟ್ ಹಾಕಿದ ಕಡೆ ಗುಂಡಿ ತೋಡಿ ಸುತ್ತ ಚಿಕ್ಕ ಟೆಂಟ್ ನಿಲ್ಲಿಸುತ್ತಾರೆ. ದಾರಿಯಲ್ಲಿ ಹೋಗಬೇಕಾಗಿ ಬಂದರೆ ತೊರೆಯಿಂದ, ಕೆರೆಯಿಂದ ಕನಿಷ್ಠ 60 ಮೀಟರ್ ದೂರ, ಒಂದು ಗೇಣು ಆಳದ ಗುಂಡಿ, ಆಮೇಲೆ ಮಣ್ಣು ಮುಚ್ಚುವುದು. ಚಿಕ್ಕ ಗುದ್ದಲಿಯನ್ನು ಮಗಳೇ ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಳು. ಪ್ಯಾಡ್, ವೈಪ್ಸ್, ಡೈಪರ್ ಯಾವುದನ್ನೂ ಹೂಳಬಾರದು, ಸುಡಲೂಬಾರದು. ಕಪ್ಪು ಕವರಿನಲ್ಲಿ ಸ್ವಲ್ಪ ಅಡುಗೆ ಸೋಡಾ ಹಾಕಿ ಗಂಟು ಕಟ್ಟಿದರೆ ವಾಸನೆ ಬರುವುದಿಲ್ಲ. ಅದನ್ನು ಉತ್ತರಕಾಶಿಗೆ ವಾಪಸ್ ತರಬೇಕು. ಮುಟ್ಟಿನ ದಿನ ಹತ್ತಿರ ಇಲ್ಲದಿದ್ದರೂ ಪ್ಯಾಡ್ ಒಯ್ಯಿರಿ, ಎತ್ತರಕ್ಕೆ, ಸುಸ್ತಿಗೆ ದಿನ ಹಿಂದು ಮುಂದಾಗಬಹುದು.

ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಅಸ್ಸಿ ಗಂಗಾ ಶುರುವಾಗುವುದು ಈ ಕೆರೆಯಿಂದ. ಕೆಳಗೆ ಗಂಗೋರಿಯಲ್ಲಿ ಭಾಗೀರಥಿಗೆ ಸೇರುತ್ತದೆ. ಅಂದರೆ ನಾವು ಕೆರೆಯಲ್ಲಿ ತೊಳೆದ ತಟ್ಟೆಯ ಸೋಪು ಕೆಳಗಿನ ಹಳ್ಳಿಯವರ ಹೊಳೆಗೆ ಹೋಗುತ್ತದೆ. ನಾವಿದ್ದಾಗ ಒಂದು ತಂಡದವರು ದಂಡೆಯಲ್ಲೇ ಶಾಂಪೂ ಹಾಕಿ ತಲೆ ತೊಳೆಯುತ್ತಿದ್ದರು. ಅತ್ತೆ ಎದ್ದು ಹೋಗಿ ಕನ್ನಡದಲ್ಲೇ ಬೇಡ ಅಂದರು. ಅವರಿಗೆ ಅರ್ಥ ಆಯಿತು, ನಿಲ್ಲಿಸಿದರು.

ದೂರದೇಶಿ

ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಸಿಯೆರಾ ನೆವಾಡಾದ ಕೆರೆಗಳಿಗೆ ಮಕ್ಕಳ ಜೊತೆ ಹೋಗಿ ಅಭ್ಯಾಸ ಇದೆ. ಅಲ್ಲಿ ಪರ್ಮಿಟ್ ತಿಂಗಳುಗಟ್ಟಲೆ ಮೊದಲು ಮಾಡಿಸಬೇಕು. ಎಷ್ಟೋ ಕಡೆ ಊಟವನ್ನೆಲ್ಲ ಕರಡಿ ತೆಗೆಯಲಾಗದ ಗಟ್ಟಿ ಡಬ್ಬಿಯಲ್ಲಿ ಇಡಲೇಬೇಕು, ಕಾನೂನು. ಎಲ್ಲ ಹೊರೆಯೂ ನಮ್ಮ ಬೆನ್ನ ಮೇಲೇ. ಮುಂದಿನ ಸಲ ಊರಿಗೆ ಬಂದಾಗ ಅಪ್ಪ ಅಮ್ಮನನ್ನೂ ಸೇರಿಸಿಕೊಂಡು ದೋಡಿತಾಲ್‌ಗೆ ಹೋಗುವ ಆಸೆ. ಅಲ್ಲಿ ಕರಡಿ ಇದೆಯಾ? ಮತ್ತೆ ನಮ್ಮ ಸ್ಯಾಟಲೈಟ್ ಮೆಸೆಂಜರ್ ತರುತ್ತೇನೆ, ಸಿಗ್ನಲ್ ಇಲ್ಲದ ಕಡೆ ಅದು ಇದ್ದರೆ ಧೈರ್ಯ.

ಬೆಟ್ಟದ ದಾರಿ

ದಯವಿಟ್ಟು ತರಬೇಡಿ ಸರ್. ಭಾರತದಲ್ಲಿ ಪರವಾನಗಿ ಇಲ್ಲದೆ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣಗಳಲ್ಲಿ ವಿದೇಶಿಯರನ್ನು ಇದಕ್ಕೇ ಹಿಡಿದ ಉದಾಹರಣೆಗಳಿವೆ. ಮನೆಯಲ್ಲೇ ಬಿಟ್ಟು ಬನ್ನಿ. ಅಗೋಡದ ಮೇಲೆ ಫೋನ್ ನಂಬಬೇಡಿ. ತೊಂದರೆ ಆದರೆ ಕಾಲುನಡಿಗೆಯಲ್ಲೇ ಸುದ್ದಿ ಹೋಗಬೇಕು. ಅದಕ್ಕೇ ಗೈಡ್ ಜೊತೆಗೆ ಇನ್ನೊಬ್ಬ ಸ್ಥಳೀಯ ಇರಲೇಬೇಕು, ಒಬ್ಬ ಕೆಳಗೆ ಓಡಿದರೆ ಒಬ್ಬ ನಿಮ್ಮ ಜೊತೆ ಇರುತ್ತಾನೆ. ಸಿಗ್ನಲ್ ಸಿಕ್ಕ ಕಡೆ ತುರ್ತು ಸಹಾಯದ ನಂಬರ್ 112ಕ್ಕೆ ಫೋನ್ ಮಾಡಿ.

ಕರಡಿ ಇದೆ, ಹಿಮಾಲಯದ ಕಪ್ಪು ಕರಡಿ. ಮಳೆಗಾಲ ಮುಗಿದ ಮೇಲೆ ಬಾಂಜ್ ಕಾಯಿ ತಿನ್ನಲು ಕಾಡಿನಲ್ಲಿ ಓಡಾಡುತ್ತದೆ. ಮಕ್ಕಳು ಮುಂದೆ ಮುಂದೆ ಓಡುವುದು ಬೇಡ, ಮಾತಾಡಿಕೊಂಡು ನಡೆಯಿರಿ, ಕತ್ತಲಾದ ಮೇಲೆ ಕಾಡಿನ ದಾರಿ ಬೇಡ. ತಿಂಡಿಯನ್ನು ಮಲಗುವ ಟೆಂಟಿನಲ್ಲಿ ಇಡಬೇಡಿ, ಅಡುಗೆ ಟೆಂಟಿಗೆ ಕೊಡಿ.

ಹೊಳೆದಂಡೆ

ಹೊರೆಯ ಬಗ್ಗೆ ಸೇರಿಸುತ್ತೇನೆ. ಟೆಂಟು, ಅಡುಗೆ ಸಾಮಾನು ಹೇಸರಗತ್ತೆಗಳ ಮೇಲೆ ಹೋಯಿತು. ನಮ್ಮ ಬಟ್ಟೆ, ನೀರು, ತಿಂಡಿ ನಮ್ಮ ಬೆನ್ನ ಮೇಲೆ. ಮಕ್ಕಳಿಗೆ ಅವರ ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೊರಿಸಲಿಲ್ಲ. ಏನನ್ನೂ ಹೊರಿಸದೆ ಇದ್ದರೆ ಮಾತ್ರ ಅವರಿಗೆ ಅದು ತಮ್ಮ ಪ್ರವಾಸ ಅನ್ನಿಸುವುದಿಲ್ಲ. ಮಗನ ಚೀಲದಲ್ಲಿ ಅವನ ಜಾಕೆಟ್, ನೀರಿನ ಬಾಟಲಿ, ಒಂದು ಸೀಟಿ, ಎಲ್ಲರ ಚಿಕ್ಕಿ. ಚಿಕ್ಕಿ ಹಂಚುವ ಅಧಿಕಾರ ಪೂರ್ತಿ ಅವನದು.

ಎದುರಿನಿಂದ ಹೇಸರಗತ್ತೆ ಬಂದರೆ ಗುಡ್ಡದ ಕಡೆ ನಿಲ್ಲಿ, ಪ್ರಪಾತದ ಕಡೆ ನಿಲ್ಲಬೇಡಿ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ, ಎರಡು ಸಲ ಮಾಡಿಸಿ.

ಬೂಟು ಹೊಸದು ಬೇಡ. ಹಿಮ್ಮಡಿ ಬಿಸಿಯಾಗುತ್ತಿದೆ ಅಂದ ತಕ್ಷಣ, ಗುಳ್ಳೆ ಏಳುವ ಮೊದಲೇ, ನಿಂತು ಟೇಪ್ ಅಂಟಿಸಿ. ಇನ್ನೊಂದು ತಿರುವು ಆಗಲಿ ಅಂದರೆ ಗುಳ್ಳೆ ಬಂದಿರುತ್ತದೆ.

ಹಾಸನದವ

ಅಗೋಡದವರನ್ನೇ ನೇರವಾಗಿ ಗೊತ್ತು ಮಾಡಿಕೊಂಡರೆ ದುಡ್ಡು ಉಳಿಯುತ್ತದೆ ಅಂತಾರೆ. ಗೈಡೇ ಬೇಡ, ದಾರಿ ಒಂದೇ ಇದೆ, ತಪ್ಪುವ ಹಾಗಿಲ್ಲ ಅಂತಲೂ ಕೇಳಿದ್ದೇನೆ. ನಮ್ಮದು ಮಧ್ಯಮ ವರ್ಗ, ನಾಲ್ಕು ಜನರ ವಿಮಾನದ ಖರ್ಚೇ ಜಾಸ್ತಿ.

ಹೊಳೆದಂಡೆ

ದಾರಿ ಸ್ಪಷ್ಟವಾಗಿದೆ, ನಿಜ. ಗೈಡ್ ಬೇಕಾಗುವುದು ದಾರಿ ತೋರಿಸುವುದಕ್ಕಲ್ಲ. ಮೋಡ ನೋಡಿ ಇವತ್ತು ಇಲ್ಲೇ ನಿಲ್ಲೋಣ ಅನ್ನುವುದಕ್ಕೆ, ಮಗುವಿಗೆ ಹುಷಾರಿಲ್ಲ ಅಂದಾಗ ಕೆಳಗಿಂದ ಹೇಸರಗತ್ತೆ ತರಿಸುವುದಕ್ಕೆ. ಮಕ್ಕಳಿದ್ದರೆ ಗೈಡ್ ಇರಲಿ. ಉಳಿಸಬೇಕಿದ್ದರೆ ರೈಲಿನಲ್ಲಿ ಹೋಗಿ ಉಳಿಸಿ.

ಹಳ್ಳಿಯವರನ್ನು ನೇರವಾಗಿ ಗೊತ್ತು ಮಾಡಿಕೊಳ್ಳುವುದು ನನಗಂತೂ ಒಳ್ಳೆಯದೇ ಅನ್ನಿಸಿತು, ದುಡ್ಡು ಅಲ್ಲೇ ಉಳಿಯುತ್ತದೆ. 2012ರ ಆಗಸ್ಟ್‌ನಲ್ಲಿ ಅಸ್ಸಿ ಗಂಗಾ ಉಕ್ಕಿ ಬಂದು ಗಂಗೋರಿಯ ಸೇತುವೆಯನ್ನೂ, ಕಣಿವೆಯಲ್ಲಿ ಕಟ್ಟುತ್ತಿದ್ದ ಜಲವಿದ್ಯುತ್ ಕೆಲಸಗಳನ್ನೂ ಕೊಚ್ಚಿಕೊಂಡು ಹೋಗಿತ್ತು. ಕಣಿವೆಯ ಜನರಿಗೆ ಟ್ರೆಕ್ಕಿಂಗ್ ಸೀಸನ್ ದೊಡ್ಡ ಆಸರೆ. ದರವನ್ನು ಹೊರಡುವ ಮೊದಲೇ ಬಿಡಿಸಿ ಮಾತಾಡಿ: ದಿನದ ಲೆಕ್ಕ ಎಷ್ಟು, ಕೆರೆ ಹತ್ತಿರ ಸುಮ್ನೆ ಕೂರುವ ದಿನಕ್ಕೆ ಎಷ್ಟು, ಅವರ ಊಟ ಯಾರದು. ಖಾಲಿ ದಿನಕ್ಕೂ ಪೂರ್ತಿ ಕೂಲಿ ಕೊಡಿ, ಆ ದಿನ ಅವರಿಗೆ ಬೇರೆ ದುಡಿಮೆ ಇರುವುದಿಲ್ಲ. ಅವರ ಹತ್ತಿರ ಬೆಚ್ಚಗಿನ ಹೊದಿಕೆ, ಮಳೆ ಅಂಗಿ ಇದೆಯಾ ಅಂತಲೂ ನೋಡಿ. ಅರಣ್ಯ ಇಲಾಖೆಗೆ ಶುಲ್ಕ ಕಟ್ಟಬೇಕು, ರಸೀದಿ ಇಟ್ಟುಕೊಳ್ಳಿ.

ಇಬ್ಬರ ಅಪ್ಪ

ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಹೆಂಡತಿ ಪೂರ್ತಿ ಒಪ್ಪಿಲ್ಲ, ಆದರೆ ಡಾಕ್ಟರಮ್ಮ ಬರೆದದ್ದನ್ನು ಮತ್ತೆ ಓದಿಸಿಕೊಂಡಳು. ಮೊದಲು ಕುದುರೆಮುಖ ಆಗಲಿ ಅಂದಿದ್ದಾಳೆ. ಹೋಗುವುದಾದರೆ ಮೇ ರಜೆಯಲ್ಲಿ. ಒಂದು ಪ್ಲಾನ್ ಹಾಕಿದ್ದೇನೆ, ನೋಡಿ: ಉತ್ತರಕಾಶಿ, ಅಗೋಡ, ಅಗೋಡದಿಂದ ನೇರ ಕೆರೆ, ಮರುದಿನ ಪೂರ್ತಿ ಕೆರೆ ಹತ್ತಿರ, ಆಮೇಲೆ ಒಂದೇ ದಿನದಲ್ಲಿ ಸಂಗಮಚಟ್ಟಿಗೆ ಇಳಿದು ಉತ್ತರಕಾಶಿ, ಮರುದಿನ ಸಂಜೆಯ ವಿಮಾನ.

ಹೊಳೆದಂಡೆ

ಖಾಲಿ ದಿನ ಇಟ್ಟಿದ್ದೀರಿ, ಸಂತೋಷ. ಎರಡು ಕಡೆ ಬದಲಾಯಿಸಿ. ಅಗೋಡದಿಂದ ಕೆರೆ ಒಂದೇ ದಿನಕ್ಕೆ ಮಕ್ಕಳಿಗೆ ಆಗುವುದಿಲ್ಲ, ಸುಮಾರು 16 ಕಿಲೋಮೀಟರ್ ಇದೆ, ಜೊತೆಗೆ ಬೆಬ್ರಾದ ಏರು. ಮಾಂಝಿಯಲ್ಲಿ ಒಂದು ರಾತ್ರಿ ಸೇರಿಸಿ. ಇಳಿಯುವಾಗಲೂ ಒಂದೇ ದಿನ ಬೇಡ, ಮಂಡಿ ನೋವು ಬರುವುದು ಇಳಿಯುವಾಗಲೇ. ಅಗೋಡದಲ್ಲಿ ಉಳಿಯಿರಿ.

ಎರಡನೆಯದು ವಿಮಾನ. ಮೇನಲ್ಲಿ ಚಾರ್‌ಧಾಮ್ ಯಾತ್ರೆ ನಡೆಯುತ್ತಿರುತ್ತದೆ, ಉತ್ತರಕಾಶಿ ಗಂಗೋತ್ರಿ ದಾರಿಯಲ್ಲೇ ಇದೆ. ಗಾಡಿಗಳ ಸಾಲು ಎಲ್ಲಿ ನಿಲ್ಲುತ್ತದೋ ಹೇಳಲಾಗದು, ಮಳೆ ಬಂದರೆ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. ಉತ್ತರಕಾಶಿಯಿಂದ ಹೊರಟ ದಿನವೇ ವಿಮಾನ ಇಡಬೇಡಿ. ರಿಷಿಕೇಶದಲ್ಲಿ ಒಂದು ರಾತ್ರಿ ಇರಲಿ. ಉತ್ತರಕಾಶಿಯ ಹೋಟೆಲನ್ನು ಈಗಲೇ ಬುಕ್ ಮಾಡಿ, ಯಾತ್ರೆ ಸಮಯದಲ್ಲಿ ಹೋಗಿ ಹುಡುಕಿದರೆ ಸಿಗುವುದು ಕಷ್ಟ. ರಜೆ ಒಂದೆರಡು ದಿನ ಸಾಲದೆ ಬಂದರೆ ಮಾಂಝಿಯನ್ನೂ ಖಾಲಿ ದಿನವನ್ನೂ ತೆಗೆಯಬೇಡಿ, ದಸರಾಕ್ಕೆ ಮುಂದೂಡಿ.